ಹೊಳೆ ಮೀನಿಗೆ ಲೋಹದ ಲೂರ್: ಮಲೆನಾಡಿನ ನೀರಿಗೆ ತಕ್ಕಂತೆ ಆರಿಸುವ, ಎಸೆಯುವ, ಎಳೆಯುವ ಬಗೆ

ಅಂಗಡಿಯಲ್ಲಿ ಸಾಲಾಗಿ ತೂಗುಹಾಕಿದ, ಮೀನನ್ನು ಮರುಳುಮಾಡುವ ಕೃತಕ ಎರೆಗಳಾದ ಲೂರ್‌ಗಳ ಮುಂದೆ ನಿಂತವರು ಮೊದಲು ನೋಡುವುದು ಬಣ್ಣವನ್ನು. ಹೊಳೆಯಲ್ಲಿ ಬಣ್ಣದ ಸರದಿ ಬರುವುದು ಕೊನೆಗೆ. ಮೊದಲು ತೂಕ, ಆಮೇಲೆ ತಗಡಿನ ದಪ್ಪ ಮತ್ತು ಅಗಲ, ಅದಾದ ಮೇಲೆ ಗಾಳ, ಎಲ್ಲ ಮುಗಿದ ಮೇಲೆ ಬಣ್ಣ. ಈ ಅನುಕ್ರಮ ಸರಿಯಾಗಿದ್ದರೆ ನಾಲ್ಕೈದು ಲೂರ್‌ಗಳಲ್ಲೇ ತುಂಗೆ, ಭದ್ರೆ, ಶರಾವತಿ ಮೂರರಲ್ಲೂ ಮಳೆಗಾಲ ಬಿಟ್ಟು ವರ್ಷವಿಡೀ ಮೀನು ಹಿಡಿಯಬಹುದು. ಇದು ತಪ್ಪಿದರೆ ಪೆಟ್ಟಿಗೆ ತುಂಬ ಲೂರ್ ಇದ್ದರೂ ಉಪಯೋಗವಿಲ್ಲ.

ಬಿದಿರು ಕೋಲು, ಬೆಂಡು, ಎರೆಹುಳು ಹಿಡಿದು ಬೆಳೆದ ಮಲೆನಾಡಿಗರಿಗೆ ಲೋಹದ ಲೂರ್ ಒಂದು ಬೇರೆಯೇ ಕೆಲಸ. ಎರೆಹುಳು ತನ್ನ ವಾಸನೆಯಿಂದ ಮೀನನ್ನು ಕರೆಯುತ್ತದೆ, ನಾವು ಕುಳಿತು ಕಾಯುತ್ತೇವೆ. ಲೋಹದ ತಗಡಿಗೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಅದಕ್ಕಿರುವುದು ಹೊಳಪು ಮತ್ತು ಅಲುಗಾಟ ಮಾತ್ರ. ಆ ಅಲುಗಾಟವನ್ನು ಕೊಡುವುದು ನೀರಿನ ಸೆಳವು ಮತ್ತು ನಿಮ್ಮ ಕೈ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ: ನಿಮ್ಮ ಮುಂದಿರುವ ನೀರು ಎಷ್ಟು ಆಳ, ಎಷ್ಟು ವೇಗ, ಎಷ್ಟು ತಿಳಿ?

ಮೊದಲು: ಎಲ್ಲಿ ಎಸೆಯಬಾರದು

ಶೃಂಗೇರಿಯ ಮಠದ ಮುಂದಿನ ತುಂಗೆಯಲ್ಲೂ ತೀರ್ಥಹಳ್ಳಿ ಬಳಿಯ ಛಿಬ್ಬಲಗುಡ್ಡೆಯಲ್ಲೂ ಇರುವುದು ದೇವರ ಮೀನುಗಳು. ಅಲ್ಲಿ ಗಾಳದ ಮಾತೇ ಇಲ್ಲ. ಆ ಮಡುಗಳು ಉಳಿದಿರುವುದರಿಂದಲೇ ಹೊಳೆಯ ಉಳಿದ ಭಾಗಕ್ಕೂ ಮೀನು ಹಬ್ಬುತ್ತದೆ ಎಂದು ನಾನು ನಂಬುತ್ತೇನೆ. ಶೆಟ್ಟಿಹಳ್ಳಿ ಅಭಯಾರಣ್ಯ, ಭದ್ರಾ ಹುಲಿ ಸಂರಕ್ಷಿತ ಪ್ರದೇಶ, ಶರಾವತಿ ಕಣಿವೆಯ ಅಭಯಾರಣ್ಯ, ಮಂಡಗದ್ದೆಯ ಪಕ್ಷಿಧಾಮ ಇವುಗಳ ಗಡಿಯೊಳಗೂ ರಾಡ್ (ಗಾಳದ ಕೋಲು) ಬಿಚ್ಚಬೇಡಿ. ಉಳಿದ ಕಡೆ ಹೊಳೆಯ ಭಾಗಗಳನ್ನೂ ಜಲಾಶಯಗಳನ್ನೂ ಗುತ್ತಿಗೆಗೆ ಕೊಟ್ಟಿರುತ್ತಾರೆ. ಹೋಗುವ ಮೊದಲು ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಪರವಾನಗಿ ಬೇಕೇ, ಆ ಭಾಗದ ಗುತ್ತಿಗೆ ಯಾರದು ಎಂದು ಕೇಳಿಕೊಳ್ಳಿ. ದಡದ ಊರಿನವರನ್ನೂ ಒಂದು ಮಾತು ಕೇಳುವುದು ಒಳ್ಳೆಯದು. ಯಾವ ಗುಂಡಿಯಲ್ಲಿ ಏನಿದೆ ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಯಾವ ಕಾಲ

ಮೃಗಶಿರಾ ಮಳೆ ಹಿಡಿದು ಹೊಳೆ ಕೆಂಪಾದ ಮೇಲೆ ಲೋಹದ ಲೂರ್‌ಗೆ ಕೆಲಸವಿಲ್ಲ. ಮೀನಿಗೆ ಅದು ಕಾಣುವುದಿಲ್ಲ, ಸೆಳವಿನಲ್ಲಿ ಅದು ನಿಲ್ಲುವುದೂ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಹತ್ತುಮೀನಿನ, ಅಂದರೆ ಮೀನು ಸೆಳವಿಗೆ ಎದುರಾಗಿ ಮೇಲಕ್ಕೆ ಹತ್ತುವ ಆ ಕಾಲದಲ್ಲಿ ಮೀನು ಮೊಟ್ಟೆಯಿಡಲು ಹೊರಟಿರುತ್ತದೆ. ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷಾ ಮಳೆಗಳ ಉದ್ದಕ್ಕೂ ಅದನ್ನು ಅದರ ಪಾಡಿಗೆ ಬಿಡಿ. ಹಸ್ತ, ಚಿತ್ತಾ ಮಳೆಗಳು ಕಳೆದು ನೀರು ತಿಳಿಯಾಗತೊಡಗುವ ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಅತ್ಯುತ್ತಮ ಕಾಲ. ಮಾರ್ಚ್‌ನಿಂದ ಮೇವರೆಗೆ ಹೊಳೆ ಬತ್ತಿ ಮೀನೆಲ್ಲ ಗುಂಡಿಗಳಲ್ಲಿ ಸೇರಿಕೊಳ್ಳುತ್ತದೆ. ಆಗ ಹಿಡಿಯುವುದು ಸುಲಭ, ಆದರೆ ಒಂದೇ ಗುಂಡಿಯ ಮೀನನ್ನು ಬರಿದು ಮಾಡುವುದೂ ಅಷ್ಟೇ ಸುಲಭ.

ಮೂರು ಬಗೆಯ ಲೋಹ

*ಸ್ಪೂನ್.* ಹಿಡಿಯಿಲ್ಲದ ಚಮಚದಂತೆ ಬಾಗಿದ ತಗಡು. ಅಮೆರಿಕದ ಜೂಲಿಯೋ ಬ್ಯೂಯೆಲ್ 1852ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಮೂಲ ರೂಪ ಇಂದಿಗೂ ಹೆಚ್ಚು ಬದಲಾಗಿಲ್ಲ. ಎಳೆದಾಗ ನೀರು ತಗಡಿನ ಕುಳಿಗೆ ಬಡಿದು ಅದನ್ನು ಎಡಕ್ಕೂ ಬಲಕ್ಕೂ ಹೊಯ್ದಾಡಿಸುತ್ತದೆ. ಗಾಯಗೊಂಡ ಸಣ್ಣ ಮೀನು ಹೊರಳುವುದು ಹಾಗೆಯೇ. ಅಗಲವಾದ ತೆಳು ತಗಡು ದೊಡ್ಡದಾಗಿ ಹೊಯ್ದಾಡುತ್ತದೆ, ನಿಧಾನಕ್ಕೆ ಮುಳುಗುತ್ತದೆ, ದೂರ ಹೋಗುವುದಿಲ್ಲ. ನಿಂತ ಮಡುವಿಗೆ ಅದು ಸರಿ. ಸೆಳವಿಗೆ ಹಾಕಿದರೆ ಅದು ಹೊಯ್ದಾಡುವುದನ್ನು ಬಿಟ್ಟು ಗಿರಗಿರನೆ ತಿರುಗುತ್ತ ಮೇಲಕ್ಕೆ ಬಂದುಬಿಡುತ್ತದೆ. ಕಿರಿದಾದ ದಪ್ಪ ತಗಡು ದೂರ ಹಾರುತ್ತದೆ, ಬೇಗ ಆಳಕ್ಕಿಳಿಯುತ್ತದೆ, ಸೆಳವಿನಲ್ಲೂ ಹಿಡಿತ ಬಿಡುವುದಿಲ್ಲ. ಒಂದೇ ಉದ್ದದ, ಒಂದೇ ಬಣ್ಣದ ಎರಡು ಸ್ಪೂನ್‌ಗಳು ಬರೀ ದಪ್ಪದ ವ್ಯತ್ಯಾಸದಿಂದ ಎರಡು ಬೇರೆ ಲೂರ್‌ಗಳಾಗುತ್ತವೆ. ಕೊಳ್ಳುವಾಗ ಅಂಚನ್ನು ಬೆರಳಲ್ಲಿ ಹಿಡಿದು ನೋಡುವ ಅಭ್ಯಾಸ ಮಾಡಿಕೊಳ್ಳಿ.

*ಸ್ಪಿನ್ನರ್.* ತಂತಿಯ ಸುತ್ತ ತಿರುಗುವ ಎಲೆಯಾಕಾರದ ತಗಡು, ಅದರ ಹಿಂದೆ ಹಿತ್ತಾಳೆಯ ಗುಂಡು, ಕೊನೆಗೆ ಗಾಳ. ಎಲೆ ತಿರುಗುವಾಗ ನೀರಿನಲ್ಲಿ ಕಂಪನ ಹುಟ್ಟುತ್ತದೆ. ಮೀನಿನ ಮೈಯುದ್ದಕ್ಕೂ ಇರುವ ಪಾರ್ಶ್ವರೇಖೆಗೆ ಆ ಕಂಪನ ತಿಳಿಯುತ್ತದೆ. ಹಾಗಾಗಿ ನೀರು ಸ್ವಲ್ಪ ಕದಡಿದ್ದಾಗ ಸ್ಪೂನ್‌ಗಿಂತ ಸ್ಪಿನ್ನರ್ ಮೇಲು. ಗುಂಡಗಿನ ಎಲೆ ತಂತಿಯಿಂದ ದೂರ ಅಗಲಿ ತಿರುಗುತ್ತದೆ, ನೀರನ್ನು ಹೆಚ್ಚು ತಳ್ಳುತ್ತದೆ, ನಿಧಾನಕ್ಕೆ ಎಳೆದರೂ ಕೆಲಸ ಮಾಡುತ್ತದೆ, ಆದರೆ ಮೇಲಕ್ಕೆ ತೇಲುತ್ತದೆ. ಉದ್ದನೆಯ ಕಿರಿದಾದ ಎಲೆ ತಂತಿಗೆ ಹತ್ತಿರದಲ್ಲೇ ತಿರುಗುತ್ತದೆ. ಹರಿವು ಜೋರಾಗಿರುವ ಕಡೆ ಅದೇ ಬೇಕು. 1938ರಲ್ಲಿ ಶುರುವಾದ ಫ್ರಾನ್ಸಿನ ಮೆಪ್ಸ್‌ನ ‘ಅಗ್ಲಿಯಾ’ ಇವೆರಡರ ನಡುವಿನ ಆಕಾರದ್ದು. ಅದರ ಅಳತೆಯ ಲೆಕ್ಕ ಗೊತ್ತಿದ್ದರೆ ಬೇರೆಯವನ್ನು ಅಂದಾಜು ಮಾಡಬಹುದು: 0 ಅಂದರೆ 2.5 ಗ್ರಾಂ, 1 ಅಂದರೆ 3.5, 2 ಅಂದರೆ 4.5, 3 ಅಂದರೆ 6.5, 4 ಅಂದರೆ 9, 5 ಅಂದರೆ 13 ಗ್ರಾಂ.

*ಜಿಗ್.* ಕಡ್ಡಿಯಂಥ ಭಾರದ ಲೋಹ. ಜಲಾಶಯದ ಆಳದಲ್ಲಿ ನೇರ ಇಳಿಸಿ ಮೇಲೆ ಕೆಳಗೆ ಕುಣಿಸುವುದಕ್ಕೆ ಇದು ಬೇಕು. ಹೊಳೆಯ ಬಂಡೆಗಳ ನಡುವೆ ಇದು ಸಿಕ್ಕಿಹಾಕಿಕೊಳ್ಳುವುದೇ ಹೆಚ್ಚು. ಶುರುವಿನಲ್ಲಿ ಬಿಟ್ಟುಬಿಡಿ.

ನಮ್ಮ ಮೀನುಗಳಲ್ಲಿ ಯಾವುದು ಲೋಹಕ್ಕೆ ಬರುತ್ತದೆ

ರೋಹು, ಕಾಟ್ಲಾ, ಮೃಗಾಲ್ ಬೇಕಾದವರು ಹಿಟ್ಟಿನ ಉಂಡೆಗೇ ಹೋಗಬೇಕು. ಲೋಹಕ್ಕೆ ಬರುವುದು ಬೇಟೆಯಾಡುವ ಮೀನು. ಕೊರವ, ಕುಚ್ಚು ಎಂದೆಲ್ಲ ಕರೆಯುವ ಮರ್ರೆಲ್ ಜಾತಿಯವು ನಿಧಾನ ನೀರಿನಲ್ಲಿ, ಬೇರು ಮತ್ತು ಕಳೆಯ ಅಂಚಿನಲ್ಲಿ ಇರುತ್ತವೆ. ಬಾಳೆ ಮೀನು ಆಳದ ಗುಂಡಿಗಳಲ್ಲಿದ್ದು ನಸುಕಿನಲ್ಲೂ ಮುಸ್ಸಂಜೆಯಲ್ಲೂ ಅಂಚಿಗೆ ಬರುತ್ತದೆ. ಮಹಶೀರ್ ಸೆಳವು ಮತ್ತು ಗುಂಡಿ ಸೇರುವ ಬಂಡೆಗಳ ನಡುವೆ ಇರುತ್ತದೆ. ಅದರ ಬಾಯಿಯ ಬಲಕ್ಕೆ ಸಣ್ಣ ತಂತಿಯ ಗಾಳಗಳು ನುಜ್ಜಾಗಿಬಿಡುತ್ತವೆ. ಇವಲ್ಲದೆ ತಿಳಿನೀರಿನ ಮೇಲ್ಪದರದಲ್ಲಿ ಹುಳ ಹಿಡಿಯುವ ಬೆರಳುದ್ದದ ಬೆಳ್ಳಿಬಣ್ಣದ ಮೀನುಗಳು 0 ಮತ್ತು 1ರ ಸ್ಪಿನ್ನರ್‌ಗೆ ಹುರುಪಿನಿಂದ ಬರುತ್ತವೆ. ಕಲಿಯುವವರಿಗೆ ಇವಕ್ಕಿಂತ ಒಳ್ಳೆಯ ಗುರುಗಳಿಲ್ಲ.

ಮಹಶೀರ್ ಸಿಕ್ಕರೆ ಬಿಟ್ಟುಬಿಡಿ. ಬಾಳೆ ಮೀನು ಕೂಡ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಪಾಯಕ್ಕೊಳಗಾದ ಜಾತಿಯಾಗಿ ಸೇರಿದೆ. ಮಳೆಗಾಲದ ಆಸುಪಾಸಿನಲ್ಲಿ ಕೆಂಪು ಮರಿಗಳ ಗುಂಪೊಂದು ನೀರಿನ ಮೇಲೆ ಕದಲುತ್ತಿರುವುದು ಕಂಡರೆ, ಅದರ ಕೆಳಗೆ ತಂದೆ ತಾಯಿ ಮರ್ರೆಲ್‌ಗಳು ಕಾವಲಿರುತ್ತವೆ. ಅಲ್ಲಿಗೆ ಎಸೆದರೆ ಸಿಟ್ಟಿನಿಂದ ಬಂದು ಕಚ್ಚುವುದು ಖಚಿತ. ಅಷ್ಟೇ ಖಚಿತವಾಗಿ ಆ ಮರಿಗಳು ಬೇರೆ ಮೀನುಗಳ ಪಾಲಾಗುತ್ತವೆ. ಅದು ಬೇಟೆಯಲ್ಲ, ದಯವಿಟ್ಟು ಮಾಡಬೇಡಿ.

ಶುರುವಿಗೆ ಬೇಕಾದ ಪೆಟ್ಟಿಗೆ

ನನ್ನ ಆಯ್ಕೆ ಹೀಗಿದೆ. 1 ಮತ್ತು 3ನೇ ಅಳತೆಯ ಎರಡು ಸ್ಪಿನ್ನರ್, 7ರಿಂದ 10 ಗ್ರಾಂನ ಅಗಲ ತೆಳು ಸ್ಪೂನ್ ಒಂದು, 14ರಿಂದ 18 ಗ್ರಾಂನ ಕಿರಿದಾದ ದಪ್ಪ ಸ್ಪೂನ್ ಒಂದು. ಕಳೆ ಹೆಚ್ಚಿರುವ ಹಿನ್ನೀರಿಗೆ ಹೋಗುವವರು ಗಾಳದ ತುದಿಗೆ ತಂತಿಯ ತಡೆ ಇರುವ ಸ್ಪೂನ್ ಇನ್ನೊಂದನ್ನು ಸೇರಿಸಿಕೊಳ್ಳಲಿ.

ಬಣ್ಣಕ್ಕೆ ಈಗ ಬರೋಣ. ತಿಳಿನೀರು, ಬಿಸಿಲು ಇದ್ದರೆ ಬೆಳ್ಳಿಬಣ್ಣ. ಕಾಡಿನ ಎಲೆ ಕೊಳೆತು ಚಹಾದ ಬಣ್ಣಕ್ಕೆ ತಿರುಗಿದ ನೀರಿಗೆ, ಮೋಡದ ದಿನಕ್ಕೆ ಹಿತ್ತಾಳೆ. ಮಣ್ಣು ಇನ್ನೂ ಪೂರ್ತಿ ಇಳಿಯದ ನೀರಿಗೆ, ಸಂಜೆಗತ್ತಲಿಗೆ ತಾಮ್ರ. ಇಷ್ಟೇ ಸಾಕು. ಹಸಿರು ಚುಕ್ಕಿ, ಕೆಂಪು ಪಟ್ಟೆಗಳು ಕೊಳ್ಳುವವರ ಕಣ್ಣಿಗೆ ಕೊಡುವ ಸಂತೋಷ ಮೀನಿಗೆ ಕೊಡುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ತೂಕವನ್ನು ಬದಲಿಸದೆ ಬರೀ ಬಣ್ಣ ಬದಲಿಸುತ್ತ ಹೊತ್ತು ಕಳೆಯುವವರನ್ನು ಕಂಡಾಗ ಬೇಸರವಾಗುತ್ತದೆ.

ಸಣ್ಣ ಸ್ಪಿನ್ನರ್‌ಗೆ ಆರೂವರೆಯಿಂದ ಏಳು ಅಡಿಯ, 3ರಿಂದ 15 ಗ್ರಾಂ ಎಸೆಯುವ ಹಗುರ ರಾಡ್, 2000 ಅಳತೆಯ ಸ್ಪಿನ್ನಿಂಗ್ ರೀಲ್ (ದಾರ ಸುತ್ತುವ ಗಾಲಿ), 6ರಿಂದ 8 ಪೌಂಡ್ ಭಾರ ತಾಳುವ ಲೈನ್ (ಗಾಳದ ದಾರ). ದೊಡ್ಡ ಸ್ಪೂನ್‌ಗೆ ಏಳರಿಂದ ಎಂಟು ಅಡಿಯ, 10ರಿಂದ 30 ಗ್ರಾಂ ಎಸೆಯುವ ರಾಡ್, 15ರಿಂದ 20 ಪೌಂಡ್ ಹೆಣೆದ ಲೈನ್, ಅದರ ತುದಿಗೆ ಮೊಳದಿಂದ ಮಾರುದ್ದದವರೆಗೆ ಉಜ್ಜಾಟ ತಾಳುವ ಫ್ಲೋರೋಕಾರ್ಬನ್ ದಾರ. ಹೆಣೆದ ಲೈನ್ ಎಷ್ಟೇ ಗಟ್ಟಿಯಿದ್ದರೂ ಬಂಡೆಯ ಅಂಚಿಗೆ ಉಜ್ಜಿದರೆ ದಾರದಂತೆ ಕಡಿಯುತ್ತದೆ. ತುದಿಯ ಆ ತುಂಡು ಇರುವುದು ಅದಕ್ಕಾಗಿ.

ಸ್ಪಿನ್ನರ್ ಕಟ್ಟುವಾಗ ಒಂದು ಸಣ್ಣ ಸ್ವಿವೆಲ್ (ಎರಡೂ ತುದಿ ಬೇರೆ ಬೇರೆಯಾಗಿ ತಿರುಗುವ ಕೊಂಡಿ) ಕಡ್ಡಾಯ. ಇಲ್ಲದಿದ್ದರೆ ಎಲೆಯ ಜೊತೆ ಲೈನ್ ಕೂಡ ಹುರಿಗೊಂಡು, ಸಡಿಲ ಬಿಟ್ಟ ಕೂಡಲೇ ಗಂಟುಗಂಟಾಗಿ ರೀಲ್‌ನಿಂದ ಹೊರಬೀಳುತ್ತದೆ. ಲೂರ್‌ಗಿಂತ ಒಂದು ಮೊಳ ಮೇಲೆ ಸ್ವಿವೆಲ್ ಇಟ್ಟರೆ ಎಲೆಯ ತಿರುಗಾಟಕ್ಕೆ ಅಡ್ಡಿಯಾಗುವುದಿಲ್ಲ. ಸ್ಪೂನ್‌ಗೆ ಲೈನನ್ನು ಬಿಗಿಯಾಗಿ ನೇರವಾಗಿ ಕಟ್ಟಬೇಡಿ. ಕಿರಿದಾದ ತುದಿಯಲ್ಲಿ ಸ್ಪ್ಲಿಟ್ ರಿಂಗ್ (ಕೀಲಿಗೊಂಚಲಿನಲ್ಲಿರುವಂಥ ಸಣ್ಣ ಬಳೆ) ಇರಲಿ, ಇಲ್ಲವೇ ಸಣ್ಣ ಸ್ನ್ಯಾಪ್ (ತೆರೆದು ಮುಚ್ಚುವ ಕೊಂಡಿ) ಹಾಕಿ. ಹೊಯ್ದಾಡಲು ಅದಕ್ಕೆ ಸಡಿಲ ಬೇಕು.

ಮನೆ ಬಿಡುವ ಮುನ್ನ

ಗಾಳದ ತುದಿಯನ್ನು ಉಗುರಿನ ಮೇಲೆ ಮೆಲ್ಲಗೆ ಎಳೆಯಿರಿ. ಕಚ್ಚಿಕೊಂಡರೆ ಹರಿತವಾಗಿದೆ, ಜಾರಿದರೆ ಅರದಿಂದ ಮಸೆಯಿರಿ. ಮೂರು ಮುಳ್ಳಿನ ಗಾಳವಿದ್ದರೆ ಅದನ್ನು ತೆಗೆದು ಒಂಟಿ ಗಾಳ ಹಾಕಿ ಎಂಬುದು ನನ್ನ ಬಲವಾದ ಸಲಹೆ. ಒಂಟಿ ಗಾಳ ಬಂಡೆಗೆ ಕಡಿಮೆ ಸಿಕ್ಕುತ್ತದೆ, ಮೀನಿನ ಬಾಯನ್ನು ಕಡಿಮೆ ಹರಿಯುತ್ತದೆ, ನಿಮ್ಮ ಬೆರಳಿಗೆ ಚುಚ್ಚಿದರೂ ಬೇಗ ಬರುತ್ತದೆ. ಅದರ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಬಿಡಿ. ಲೈನ್ ಬಿಗಿಯಾಗಿಟ್ಟರೆ ಮೀನು ತಪ್ಪುವುದಿಲ್ಲ.

ಆಮೇಲೆ ರೀಲ್‌ನ ಡ್ರ್ಯಾಗ್, ಅಂದರೆ ಮೀನು ಜೋರಾಗಿ ಎಳೆದಾಗ ಲೈನನ್ನು ಜಾರಲು ಬಿಡುವ ಬಿಗಿ. ಲೈನ್ ತಾಳುವ ಭಾರದ ನಾಲ್ಕನೇ ಒಂದು ಭಾಗಕ್ಕೆ ಅದು ಜಾರಬೇಕು. 8 ಪೌಂಡ್ ಅಂದರೆ ಸುಮಾರು 3.6 ಕಿಲೋ, ಹಾಗಾದರೆ 900 ಗ್ರಾಂ ಎಳೆತಕ್ಕೆ ಜಾರಬೇಕು. ಅಡಿಕೆ ತೂಗುವ ಕೊಕ್ಕೆ ತಕ್ಕಡಿ ಮನೆಯಲ್ಲಿದ್ದರೆ ಅದಕ್ಕೆ ಲೈನ್ ಕಟ್ಟಿ ಎಳೆದು ನೋಡಿ.

ನೀರು ಓದುವುದು

ದಡಕ್ಕೆ ಬಂದ ಕೂಡಲೇ ಎಸೆಯಬೇಡಿ. ಹೊಳೆಯಲ್ಲಿ ಮೀನು ಎಲ್ಲ ಕಡೆಯೂ ಇರುವುದಿಲ್ಲ. ಅದಕ್ಕೆ ಬೇಕಾಗಿರುವುದು ಕಡಿಮೆ ಶ್ರಮದಲ್ಲಿ ನಿಲ್ಲಲು ಒಂದು ಜಾಗ, ಮೇಲಿನಿಂದ ತೇಲಿ ಬರುವ ಆಹಾರ ಕಾಣುವ ಒಂದು ಕಿಟಕಿ. ದೊಡ್ಡ ಬಂಡೆಯ ಹಿಂದಿನ ಶಾಂತ ನೀರು, ಅದರ ಎರಡೂ ಪಕ್ಕದಲ್ಲಿ ವೇಗದ ನೀರು ಮತ್ತು ನಿಧಾನ ನೀರು ಸೇರುವ ಗೆರೆ, ಸೆಳವು ಗುಂಡಿಗೆ ಧುಮುಕುವ ಜಾಗ, ಗುಂಡಿ ಮುಗಿದು ನೀರು ತೆಳುವಾಗುವ ಬಾಲ, ಹಳ್ಳವೊಂದು ಬಂದು ಸೇರುವ ಬಾಯಿ, ಹೊಳೆಗೆ ಬಾಗಿದ ಮರದ ಬೇರಿನ ನೆರಳು: ಇವು ನೋಡಬೇಕಾದ ಜಾಗಗಳು. ಎರಡು ನೀರು ಸೇರುವ ಗೆರೆಯನ್ನು ದೊಡ್ಡದಾಗಿ ನೋಡಬೇಕೆಂದರೆ ಕೂಡಲಿಗೆ ಹೋಗಿ ದಡದಲ್ಲಿ ನಿಲ್ಲಿ. ತುಂಗೆಯೂ ಭದ್ರೆಯೂ ಕೂಡಿದ ಮೇಲೂ ಸ್ವಲ್ಪ ದೂರ ತಮ್ಮ ತಮ್ಮ ಹರಿವನ್ನು ಉಳಿಸಿಕೊಂಡೇ ಸಾಗುತ್ತವೆ. ಅದೇ ಸಂಗತಿ ಸಣ್ಣ ರೂಪದಲ್ಲಿ ಪ್ರತಿ ಬಂಡೆಯ ಹಿಂದೆಯೂ ನಡೆಯುತ್ತಿರುತ್ತದೆ.

ಮೀನು ಸೆಳವಿಗೆ ಎದುರಾಗಿ ನಿಲ್ಲುತ್ತದೆ. ಆದ್ದರಿಂದ ತಿಳಿನೀರಿನಲ್ಲಿ ಕೆಳಗಿನಿಂದ ಮೇಲಕ್ಕೆ ನಡೆಯುತ್ತ ಹೋದರೆ ನೀವು ಅದರ ಬೆನ್ನ ಹಿಂದೆ ಇರುತ್ತೀರಿ. ಬಂಡೆಯ ಮೇಲೆ ದಬದಬ ಹೆಜ್ಜೆ ಹಾಕಬೇಡಿ, ನಿಮ್ಮ ನೆರಳು ನೀರಿಗೆ ಬೀಳದಿರಲಿ.

ಎಸೆತ ಮತ್ತು ಎಳೆತ

ಹತ್ತಿರದ ನೀರಿನಿಂದ ಶುರು ಮಾಡಿ. ಕಾಲ ಬಳಿಯ ಎರಡು ಮಾರು ನೀರಿನಲ್ಲೇ ಮೀನಿದ್ದು, ದೂರದ ದಡಕ್ಕೆ ಎಸೆದು ಅದನ್ನು ಹೆದರಿಸುವುದು ಸಾಮಾನ್ಯ. ಮೊದಲ ಕೆಲಸವೆಂದರೆ, ದಡದ ಬಳಿಯ ತಿಳಿನೀರಿನಲ್ಲಿ ಲೂರ್ ಇಳಿಸಿ, ರಾಡ್ ತುದಿಯಿಂದ ಬೇರೆ ಬೇರೆ ವೇಗದಲ್ಲಿ ಎಳೆದು ನೋಡುವುದು. ಯಾವ ವೇಗದಲ್ಲಿ ಸ್ಪೂನ್ ಚೆನ್ನಾಗಿ ಹೊಯ್ದಾಡುತ್ತದೆ, ಯಾವ ವೇಗ ದಾಟಿದರೆ ಬರೀ ತಿರುಗುತ್ತದೆ ಎಂಬುದನ್ನು ಕಣ್ಣಲ್ಲಿ ನೋಡಿ, ಅದೇ ಹೊತ್ತಿಗೆ ಕೈಗೆ ಬರುವ ಮಿಡಿತವನ್ನು ಗಮನಿಸಿ. ಆಮೇಲೆ ಲೂರ್ ಕಾಣದಷ್ಟು ದೂರದಲ್ಲಿದ್ದಾಗ ನಿಮಗೆ ಉಳಿಯುವುದು ಆ ಮಿಡಿತ ಮಾತ್ರ. ಇಡೀ ಕಲೆಯಲ್ಲಿ ಇದಕ್ಕಿಂತ ಮುಖ್ಯವಾದ ಪಾಠವಿಲ್ಲ.

ಅಡ್ಡ ಎಸೆತ: ಸೆಳವಿಗೆ ಅಡ್ಡವಾಗಿ, ಸ್ವಲ್ಪ ಮೇಲ್ಮುಖವಾಗಿ ಎಸೆಯಿರಿ. ಲೂರ್ ಮುಳುಗುವವರೆಗೆ ಲೈನನ್ನು ಹೆಚ್ಚು ಸಡಿಲವಾಗಲು ಬಿಡದೆ ಕಾಯಿರಿ. ಈಗ ರಾಡ್ ತುದಿ ಎತ್ತಿ ಹಿಡಿದು ಮೆಲ್ಲಗೆ ಸುತ್ತಿ. ಸೆಳವು ಲೂರ್ ಅನ್ನು ಬಿಲ್ಲಿನಂತೆ ಬಾಗಿದ ದಾರಿಯಲ್ಲಿ ನಿಮ್ಮ ದಡಕ್ಕೆ ಒಯ್ಯುತ್ತದೆ. ಸುತ್ತುವುದು ಕಡಿಮೆ, ಸೆಳವಿಗೆ ಬಿಡುವುದು ಹೆಚ್ಚು. ಲೂರ್ ನಿಮ್ಮ ಕೆಳಗೆ ಬಂದು ನೇರವಾಗುವ ಆ ತಿರುವಿನಲ್ಲೇ ಹೆಚ್ಚಿನ ಮೀನು ಕಚ್ಚುತ್ತದೆ. ಹಾಗಾಗಿ ತಿರುವು ಮುಗಿದ ಕೂಡಲೇ ಎತ್ತಿಬಿಡದೆ ಎರಡು ಮೂರು ಉಸಿರು ಅಲ್ಲೇ ಆಡಲು ಬಿಡಿ. ಮುಂದಿನ ಎಸೆತಕ್ಕೆ ಎರಡು ಹೆಜ್ಜೆ ಕೆಳಗೆ ಸರಿಯಿರಿ. ಹೀಗೆ ಸೆಳವಿನ ಒಂದು ಪೂರ್ತಿ ತುಂಡನ್ನು ಬಿಡದೆ ಹುಡುಕಬಹುದು.

ಮೇಲ್ಮುಖ ಎಸೆತ: ಸಣ್ಣ ಹಳ್ಳಗಳಿಗೆ, ತಿಳಿನೀರಿಗೆ ಇದು. ಲೂರ್ ಸೆಳವಿನ ಜೊತೆಗೇ ನಿಮ್ಮ ಕಡೆ ಬರುವುದರಿಂದ ಸೆಳವಿಗಿಂತ ಬೇಗ ಸುತ್ತಬೇಕು, ಇಲ್ಲದಿದ್ದರೆ ಎಲೆ ತಿರುಗುವುದೇ ಇಲ್ಲ. ಸ್ಪಿನ್ನರ್ ನೀರಿಗೆ ಬಿದ್ದ ಕೂಡಲೇ ರಾಡ್ ತುದಿಯಿಂದ ಒಂದು ಚುರುಕಾದ ಜಗ್ಗು ಕೊಡಿ. ಎಲೆ ಎಚ್ಚರಗೊಂಡು ತಿರುಗತೊಡಗಿದ್ದು ಕೈಗೆ ತಿಳಿಯುತ್ತದೆ.

ಗುಂಡಿಯಲ್ಲಿ: ಇಲ್ಲಿ ಆಳ ಮುಖ್ಯ. ಸ್ಪೂನ್ ಎಸೆದು, ಅದು ತಳ ಮುಟ್ಟಿ ಲೈನ್ ಸಡಿಲವಾಗುವವರೆಗೆ ಎಣಿಸಿ. ಎಂಟಕ್ಕೆ ಮುಟ್ಟಿತು ಎಂದುಕೊಳ್ಳಿ. ಮುಂದಿನ ಎಸೆತದಲ್ಲಿ ಆರಕ್ಕೆ ಸುತ್ತಲು ಶುರು ಮಾಡಿ, ಅದರ ಮುಂದಿನದರಲ್ಲಿ ನಾಲ್ಕಕ್ಕೆ. ಎಲ್ಲಿ ಕಚ್ಚಿತೋ ಆ ಎಣಿಕೆಯನ್ನು ಹಿಡಿದುಕೊಳ್ಳಿ. ಒಂದೇ ಸಮನೆ ಸುತ್ತಬೇಡಿ. ನಾಲ್ಕು ಸುತ್ತು ಎಳೆದು ಒಂದು ಕ್ಷಣ ನಿಲ್ಲಿಸಿದರೆ ಸ್ಪೂನ್ ಮಿನುಗುತ್ತ ಜಾರಿ ಬೀಳುತ್ತದೆ. ಹಿಂದೆಯೇ ಬರುತ್ತಿದ್ದ ಮೀನು ಕಚ್ಚುವುದು ಆ ಬೀಳುವಿಕೆಯಲ್ಲಿ. ಆಗ ಕೈಗೆ ಜಗ್ಗು ಬರುವುದಿಲ್ಲ, ಲೈನ್ ಸುಮ್ಮನೆ ಪಕ್ಕಕ್ಕೆ ಸರಿಯುತ್ತದೆ. ಸ್ಪೂನ್ ಬೀಳುವಾಗ ಕಣ್ಣು ಲೈನ್ ಮೇಲೇ ಇರಲಿ. ಸ್ಪಿನ್ನರ್‌ಗೆ ಮಾತ್ರ ಈ ಉಪಾಯ ಒಪ್ಪುವುದಿಲ್ಲ. ನಿಲ್ಲಿಸಿದರೆ ಅದರ ಎಲೆ ಸತ್ತುಹೋಗುತ್ತದೆ. ವೇಗವನ್ನು ಏರಿಸಿ ಇಳಿಸಿದರೆ ಸಾಕು.

ಒಂದು ಜಾಗದಲ್ಲಿ ಆಳ, ವೇಗ, ಕೋನ ಮೂರನ್ನೂ ಬದಲಿಸಿ ನೋಡಿದ ಮೇಲೂ ಏನೂ ಆಗದಿದ್ದರೆ ಲೂರ್‌ನ ತೂಕ ಬದಲಿಸಿ. ಆಮೇಲೆ ಜಾಗ ಬದಲಿಸಿ.

ಕಚ್ಚಿದ ಮೇಲೆ

ಜೋರಾಗಿ ಎತ್ತಿ ಹೊಡೆಯಬೇಡಿ. ಹರಿತವಾದ ಒಂಟಿ ಗಾಳಕ್ಕೆ ರಾಡನ್ನು ಪಕ್ಕಕ್ಕೆ ಗಟ್ಟಿಯಾಗಿ ಒಮ್ಮೆ ಎಳೆದರೆ ಸಾಕು. ಮೀನು ಓಡಿದರೆ ಡ್ರ್ಯಾಗ್ ಜಾರಲಿ, ನಿಂತಾಗ ಸುತ್ತಿ. ಬಂಡೆಗಳ ಕಡೆ ಓಡುವ ಮೀನನ್ನು ರಾಡನ್ನು ಎದುರು ಪಕ್ಕಕ್ಕೆ ವಾಲಿಸಿ ತಿರುಗಿಸಬೇಕು, ಮೇಲಕ್ಕೆ ಎತ್ತಿ ಅಲ್ಲ. ಬಿಡುವ ಮೀನನ್ನು ನೀರಿನಿಂದ ಎತ್ತಲೇಬೇಡಿ. ಒದ್ದೆ ಕೈಯಿಂದ ಹೊಟ್ಟೆಯ ಕೆಳಗೆ ಹಿಡಿದು, ಇಕ್ಕಳದಿಂದ ಗಾಳ ಬಿಡಿಸಿ, ತಲೆಯನ್ನು ಸೆಳವಿಗೆ ಎದುರಾಗಿ ಹಿಡಿದು ನಿಲ್ಲಿ. ಕಿವಿರಿಗೆ ಬೆರಳು ಹಾಕಬೇಡಿ. ಅದು ತಾನಾಗಿ ಒದೆದು ಹೊರಟಾಗ ಕೈ ತೆಗೆಯಿರಿ. ಗಿರ್ಲು ಜಾತಿಯ ಮೀಸೆಮೀನು ಸಿಕ್ಕರೆ ರೆಕ್ಕೆಯ ಮುಳ್ಳಿನ ಬಗ್ಗೆ ಜೋಪಾನ.

ಬಂಡೆಗೆ ಸಿಕ್ಕಿಕೊಂಡಾಗ

ಮೊದಲು ಎಳೆಯುವುದನ್ನು ನಿಲ್ಲಿಸಿ. ಎಳೆದಷ್ಟೂ ಗಾಳ ಒಳಗೆ ಹೋಗುತ್ತದೆ. ಲೈನ್ ಸಡಿಲ ಬಿಟ್ಟು ರಾಡ್ ತುದಿಯನ್ನು ನಡುಗಿಸಿ. ಬಾರದಿದ್ದರೆ ಮೇಲ್ಗಡೆಗೆ ನಡೆದು, ಲೂರ್ ಹೋದ ದಿಕ್ಕಿಗೆ ವಿರುದ್ಧದಿಂದ ಎಳೆಯಿರಿ. ಕಡಿಯಲೇಬೇಕಾದರೆ ಲೈನನ್ನು ಒಂದು ಕೋಲಿಗೆ ಸುತ್ತಿ ನೇರ ಹಿಂದಕ್ಕೆ ನಡೆಯಿರಿ. ಬರಿಗೈಗೆ ಸುತ್ತಿಕೊಂಡರೆ ಹೆಣೆದ ಲೈನ್ ಚರ್ಮ ಸೀಳುತ್ತದೆ. ಕಡಿದ ಲೈನ್ ತುಂಡನ್ನು ದಡದಲ್ಲಿ ಬಿಟ್ಟು ಬರಬೇಡಿ. ನೀರುನಾಯಿ, ನೀರುಕಾಗೆಗಳ ಕಾಲಿಗೆ ಸುತ್ತಿಕೊಳ್ಳುವುದು ಅದೇ.

ಜೀವದ ಎಚ್ಚರ

ಗಾಜನೂರು, ಲಕ್ಕವಳ್ಳಿ, ಲಿಂಗನಮಕ್ಕಿ ಮೊದಲಾದ ಅಣೆಕಟ್ಟುಗಳ ಕೆಳಗೆ ಬಿಸಿಲ ದಿನದಲ್ಲೂ ನೀರು ಹಠಾತ್ತನೆ ಏರಬಹುದು. ಹೊಳೆಯ ನಡುವಿನ ಬಂಡೆಗೆ ದಾಟಿ ಕೂರುವ ಆಸೆ ಬೇಡ. ದಡದ ಕಲ್ಲೊಂದನ್ನು ಗುರುತಿಟ್ಟುಕೊಂಡು ಆಗಾಗ ನೋಡಿ. ನೀರು ಅದನ್ನು ಮುಚ್ಚತೊಡಗಿದರೆ ಹತ್ತಿಬಿಡಿ. ಭದ್ರೆಯಲ್ಲಿ ಮೊಸಳೆಗಳಿವೆ, ಸೊಂಟದವರೆಗೆ ನೀರಿಗಿಳಿದು ನಿಲ್ಲುವುದು ಅಲ್ಲಿ ತರವಲ್ಲ.

ಇನ್ನೊಂದು, ನಮ್ಮ ಮಲೆನಾಡಿನವರೇ ಮರೆಯುವ ವಿಷಯ: ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಜ್ವರ ಉಣುಗುಗಳಿಂದ ಹರಡುತ್ತದೆ. ಅದು ಹೆಚ್ಚುವುದು ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ಹೊಳೆ ತಿಳಿಯಾಗಿ ಲೂರ್‌ಗೆ ಹದವಾಗಿರುವ ತಿಂಗಳುಗಳಲ್ಲೇ. ಕಾಡಿನ ದಾರಿಯಲ್ಲಿ ಹೊಳೆಗೆ ಇಳಿಯುವವರು ಪೂರ್ತಿ ತೋಳಿನ ಅಂಗಿ ಧರಿಸಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಆರೋಗ್ಯ ಕೇಂದ್ರದಲ್ಲಿ ಕೊಡುವ, ಉಣುಗು ತಡೆಯುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಬಿಸಿನೀರಿನ ಸ್ನಾನ ಮಾಡಿ. ಸತ್ತ ಮಂಗ ಕಂಡ ದಾರಿಯಲ್ಲಿ ಹೋಗಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಮನೆಯಲ್ಲೇ ಸ್ಪೂನ್ ಮಾಡುವುದು

ಬಂಡೆಗಳ ನಡುವೆ ಲೂರ್ ಕಳೆದುಕೊಳ್ಳುವುದು ತಪ್ಪದ್ದರಿಂದ ಇದನ್ನು ಕಲಿತರೆ ದುಡ್ಡು ಉಳಿಯುತ್ತದೆ. ಹಳೆಯ ಸ್ಟೀಲ್ ಅಥವಾ ಹಿತ್ತಾಳೆಯ ಚಮಚ ತೆಗೆದುಕೊಂಡು, ಹಿಡಿಯನ್ನು ಬಟ್ಟಲಿನ ಬುಡದಲ್ಲಿ ಲೋಹದ ಗರಗಸದಿಂದ ಕೊಯ್ಯಿರಿ. ಅಂಚುಗಳನ್ನು ಅರದಿಂದ ಉಜ್ಜಿ, ಬೆರಳಿಗೆ ಎಲ್ಲೂ ಚುರುಕು ತಾಗದಂತೆ ನುಣುಪು ಮಾಡಿ. ಎರಡೂ ತುದಿಗಳಲ್ಲಿ ಅಂಚಿನಿಂದ 3 ಮಿಲಿಮೀಟರ್ ಒಳಗೆ ಗುರುತು ಹಾಕಿ, ಮೊಳೆಯಿಂದ ಸಣ್ಣ ಕುಳಿ ಹೊಡೆದು, ಆಮೇಲೆ ಡ್ರಿಲ್ ಇಡಿ. ಕುಳಿಯಿಲ್ಲದಿದ್ದರೆ ಡ್ರಿಲ್ ಜಾರುತ್ತದೆ. ಚಮಚವನ್ನು ಮರದ ತುಂಡಿಗೆ ಬಿಗಿದೇ ಕೊರೆಯಿರಿ, ಕೈಯಲ್ಲಿ ಹಿಡಿದು ಕೊರೆಯಬೇಡಿ. ಕಿರಿದಾದ ತುದಿಗೆ ಲೈನಿನ ರಿಂಗ್, ಅಗಲದ ತುದಿಗೆ ರಿಂಗ್ ಮತ್ತು ಒಂಟಿ ಗಾಳ.

ಬಾವಿಯ ತೊಟ್ಟಿಯಲ್ಲಿ ಎಳೆದು ನೋಡಿ. ಹೊಯ್ದಾಡದೆ ನೇರ ಬಂದರೆ ಬಾಗು ಸಾಲದು, ಮರದ ಮೇಲಿಟ್ಟು ಮೆಲ್ಲಗೆ ಬಡಿದು ಬಾಲವನ್ನು ಇನ್ನಷ್ಟು ಬಾಗಿಸಿ. ಬರೀ ಗಿರಗಿರ ತಿರುಗಿದರೆ ಬಾಗು ಹೆಚ್ಚಾಗಿದೆ, ಚಪ್ಪಟೆ ಮಾಡಿ. ತೂಕ ಹೆಚ್ಚಿಸಲು ಸೀಸ ಅಂಟಿಸುವುದು ಬೇಡ, ಅದು ಹೊಳೆಗೆ ವಿಷ. ಇನ್ನೂ ದಪ್ಪ ಚಮಚ ಹುಡುಕಿ.

ಮನೆಗೆ ಬಂದ ಮೇಲೆ

ಲೂರ್‌ಗಳನ್ನು ಒದ್ದೆಯಾಗಿಯೇ ಪೆಟ್ಟಿಗೆಗೆ ಹಾಕಿದರೆ ಮಲೆನಾಡಿನ ತೇವದಲ್ಲಿ ಗಾಳಕ್ಕೆ ಬೇಗ ತುಕ್ಕು ಬರುತ್ತದೆ, ಒಂದರ ತುಕ್ಕು ಇನ್ನೊಂದಕ್ಕೂ ಹತ್ತುತ್ತದೆ. ಸಿಹಿನೀರಿನಲ್ಲಿ ತೊಳೆದು, ಬಟ್ಟೆಯಿಂದ ಒರೆಸಿ, ಒಲೆಯ ಹತ್ತಿರದ ಬೆಚ್ಚನೆ ಜಾಗದಲ್ಲಿ ತೂಗುಹಾಕಿ. ಮಬ್ಬಾದ ಹಿತ್ತಾಳೆ, ತಾಮ್ರಕ್ಕೆ ಹುಣಸೆಹುಳಿಯಷ್ಟು ಒಳ್ಳೆಯದು ಬೇರೆ ಇಲ್ಲ. ಗಾಳವನ್ನು ಮೊದಲು ಬಿಚ್ಚಿಟ್ಟು, ಹುಳಿಯಿಂದ ಉಜ್ಜಿ, ಕೂಡಲೇ ತೊಳೆದು ಒರೆಸಿ. ಬೆಳ್ಳಿಬಣ್ಣದ ನಿಕ್ಕಲ್ ಲೇಪನದವಕ್ಕೆ ಹುಳಿ ತಾಗಿಸಬೇಡಿ, ಲೇಪನ ಹಾಳಾಗಬಹುದು. ಅವಕ್ಕೆ ಮೆತ್ತನೆ ಬಟ್ಟೆ ಸಾಕು. ಸ್ಪಿನ್ನರ್‌ನ ತಂತಿಯನ್ನು ಕಣ್ಣ ಎತ್ತರಕ್ಕೆ ಹಿಡಿದು ನೋಡಿ. ಬಾಗಿದ್ದರೆ ಇಕ್ಕಳದಿಂದ ನೇರ ಮಾಡಿ, ಎಲೆಯನ್ನು ಊದಿ ತಿರುಗುತ್ತದೆಯೇ ಪರೀಕ್ಷಿಸಿ. ತುಕ್ಕು ಹಿಡಿದ ಗಾಳವನ್ನೂ ಬಾಯಿ ಬಿಟ್ಟ ಸ್ಪ್ಲಿಟ್ ರಿಂಗನ್ನೂ ಆವತ್ತೇ ತೆಗೆದು ಹೊಸದು ಹಾಕಿಡಿ.